ಎಲೆ ನೆನೆದ ಮೇಲೆ ಬಾಗಿಲು ತೆಗೆಯುವಂತಿಲ್ಲ

ಹೋದ ಜೂನಿನಲ್ಲಿ ಬೈಲಹೊಂಗಲಕ್ಕೆ ಒಂದು ಮದುವೆಗೆ ಹೋಗಿದ್ದೆ. ನನ್ನ ಸೋದರಮಾವ ರುದ್ರಪ್ಪನ ಮೊಮ್ಮಗಳ ಮದುವೆ. ಅಕ್ಷತೆ ಬಿದ್ದು, ಮೊದಲ ಪಂಕ್ತಿಯ ಊಟ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಹಂಚಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ವಾದ್ಯದವರು ನುಡಿಸುವುದನ್ನು ಬಿಟ್ಟು ತಾವೂ ಮೇಲೆ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದ ಗೋಡೆಯಿಂದ ಒಂದು ವಾಸನೆ ಎದ್ದಿತು. ಮಲ್ಲಿಗೆ, ಗೋಧಿ ಹುಗ್ಗಿ, ಹೊಸ ಸೀರೆ, ತೊಯ್ದ ಚಪ್ಪಲಿ, ಇವೆಲ್ಲದರ ಅಡಿಯಿಂದ ಬಂದು ಮೂಗಿನ ಹಿಂಭಾಗಕ್ಕೆ ತಾಗುವ ಒಂದು ಕಹಿ ಘಾಟು.

ಇಂಥ ವಾಸನೆಗಳನ್ನು ನಾನು ಸುಲಭವಾಗಿ ನಂಬುವವನಲ್ಲ. ಹಳೆಯ ಜಾಗಕ್ಕೆ ಬಂದವನಿಗೆ ಹಳೆಯ ವಾಸನೆ ಬರುವುದರಲ್ಲಿ ಮೂಗಿನ ಪಾಲು ಕಡಿಮೆ, ಆಸೆಯ ಪಾಲು ಹೆಚ್ಚು. ಅದಕ್ಕೇ ಪಕ್ಕದಲ್ಲಿ ಕುಳಿತಿದ್ದ ಮಾವನ ಮಗಳು ಶಾಂತಕ್ಕನನ್ನು ಕೇಳಿದೆ.

“ನಿನಗೇನರ ವಾಸನಿ ಬರಾಕತ್ತೈತೇನು?”

“ತಂಬಾಕಲ್ಲೇನು?” ಎಂದಳು ಆಕೆ, ದನಿ ತಗ್ಗಿಸಿ. “ಮಳಿ ಬಿತ್ತಂದ್ರ ಗ್ವಾಡಿ ಇನ್ನೂ ನಾರತೈತೋ ತಮ್ಮಾ. ಗಿಲಾವ ಕೆತ್ತಿಸಿ ಹೊಸಾದ ಮಾಡಿಸೇವಿ, ಬಣ್ಣಾ ಹೊಡಿಸೇವಿ. ಹೋಗವಲ್ದು. ಬೀಗರಿಗೆ ತಿಳೀಬಾರದಂತ ಮುಂಜಾನಿಂದ ಊದಬತ್ತಿ ಹಚ್ಚಿ ಹಚ್ಚಿ ಸಾಕಾಗೇತಿ.”

ಸರಿ, ವಾಸನೆ ನಿಜ. ಆ ಮಂಗಲ ಕಾರ್ಯಾಲಯ ಒಂದು ಕಾಲಕ್ಕೆ ಮಾವನ ತಂಬಾಕಿನ ವಖಾರಿ, ಅಂದರೆ ಉಗ್ರಾಣ, ಆಗಿತ್ತು ಎಂಬುದೂ ನಿಜ. ಒಂದು ಬೇಸಿಗೆ ಪೂರ್ತಿ ನಾನು ಅದರೊಳಗೆ ಕುಳಿತಿದ್ದೆ ಎಂಬುದೂ. ಅದರಾಚೆಗೆ ಯಾವುದಕ್ಕೆ ಎಷ್ಟು ಸಾಕ್ಷಿಯಿದೆ ಎಂದು ಯೋಚಿಸುತ್ತ ಸುತ್ತ ನೋಡಿದೆ. ಉದ್ದನೆಯ ಹಾಲಿನ ಆ ತುದಿಯಲ್ಲಿ, ಗೋಡೆಯ ಕೆಳಭಾಗದ ಒಂದು ಚೌಕ ಕಿಂಡಿಯಿಂದ ಹುಡುಗರು ಉಂಡ ಬಾಳೆ ಎಲೆಗಳನ್ನು ಸುರುಳಿ ಮಾಡಿ ಹಿತ್ತಲಿಗೆ ನೂಕುತ್ತಿದ್ದರು. ಅದನ್ನೂ ನೋಡಿದೆ. ಏನೂ ಅನ್ನಿಸಲಿಲ್ಲ.

ವರ್ಷ ಯಾವುದೆಂದು ಆಣೆ ಮಾಡಿ ಹೇಳಲಾರೆ. ಎಪ್ಪತ್ತರ ದಶಕದ ನಡುಭಾಗ. ತುರ್ತು ಪರಿಸ್ಥಿತಿ ಬಂದಾಗಿತ್ತು ಎಂದು ನಾನು, ಇನ್ನೂ ಬಂದಿರಲಿಲ್ಲ ಎಂದು ಶಾಂತಕ್ಕ. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದ್ದೆ. ರಾಮದುರ್ಗದ ನಮ್ಮ ಮನೆಗೆ ಹೋದರೆ ಅಪ್ಪ ಏನೂ ಕೇಳುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ನನ್ನ ಕೈಯನ್ನು ನೋಡುತ್ತಿದ್ದ. ಆ ನೋಟಕ್ಕೆ ಹೆದರಿ ಬೈಲಹೊಂಗಲಕ್ಕೆ ಬಂದವನಿಗೆ ಮಾವ ಹೇಳಿದ:

“ನೌಕರಿ ಕರಿ ಬರೂತನಕಾ ವಖಾರಿಯೊಳಗ ಕುಂದ್ರು. ಕೆಲಸಾ ಏನೂ ಇಲ್ಲ, ಬಾಗಲಾ ಕಾಯೂದು. ಪುಸ್ತಕಾ ಓದಕೋಂತ ಕಾಯಿ.”

ಬಾಗಿಲನ್ನು ಕಾಯಬೇಕಾಗಿದ್ದದ್ದು ಗಾಳಿಯಿಂದ. ಇದು ತಿಳಿಯಬೇಕಾದರೆ ಅಲ್ಲಿಯ ಕೆಲಸ ತಿಳಿಯಬೇಕು. ರೈತರಿಂದ ಬರುತ್ತಿದ್ದುದು ಒಣಗಿಸಿ ಹದ ಮಾಡಿದ, ಸೂಡು ಕಟ್ಟಿದ ಎಲೆ. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸಂಜೆ ಸೂಡು ಬಿಚ್ಚಿ, ಬೇವಿನ ತೊಪ್ಪಲನ್ನು ನೀರಿನಲ್ಲಿ ಅದ್ದಿ ಮೇಲೆ ಸಿಂಪಡಿಸಿ, ಗೋಣಿತಟ್ಟು ಮುಚ್ಚಿ ಇಟ್ಟರೆ ಬೆಳಗಿನ ಹೊತ್ತಿಗೆ ಎಲೆ ಮೆತ್ತಗಾಗಿ ಹಳೆಯ ಧೋತರದಂತೆ ಕೈಗೆ ಒಗ್ಗುತ್ತಿತ್ತು. ಆಗ ಹೆಂಗಸರು ಸಾಲಾಗಿ ಕುಳಿತು ದಂಟು ಬಿಡಿಸುತ್ತಿದ್ದರು. ಎಲೆಯ ತುದಿ ಹಿಡಿದು, ಎರಡೂ ಮಗ್ಗುಲನ್ನು ಹಿಂದಕ್ಕೆ ಮಡಚಿ, ನಡುವಿನ ದಂಟನ್ನು ಒಂದೇ ಎಳೆತಕ್ಕೆ ಬುಡದ ತನಕ ಕಿತ್ತರೆ ಒಂದು ಕೈಯಲ್ಲಿ ಎಲೆಯ ಎರಡು ಹೋಳು, ಇನ್ನೊಂದರಲ್ಲಿ ಬರಿಯ ದಂಟು. ಹಳೆಯ ಬಟ್ಟೆ ಹರಿದಂಥ ಸಣ್ಣ ಸದ್ದು. ಅಷ್ಟೂ ಜನ ಒಟ್ಟಿಗೆ ಹರಿಯುವಾಗ ಅದು ನಿಲ್ಲದ ಸದ್ದು. ಹೋಳುಗಳನ್ನು ಒಂದರ ಮೇಲೊಂದು ಜೋಡಿಸಿಡಬೇಕು. ಸಂಜೆ ತೂಗುವುದು ಇಡೀ ಹೋಳುಗಳನ್ನು ಮಾತ್ರ. ಒಡೆದದ್ದು ಚೂರಿನ ರಾಶಿಗೆ, ಚೂರಿಗೆ ಕೂಲಿಯಿಲ್ಲ.

ಈಗ ಬಾಗಿಲು ತೆಗೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬಯಲಿನ ಒಣಗಾಳಿ ಒಳಗೆ ಬಂದರೆ ಗಳಿಗೆಯೊಳಗೆ ಎಲೆ ಮತ್ತೆ ಹಪ್ಪಳ. ಇನ್ನೊಮ್ಮೆ ನೀರು ಹೊಡೆಯೋಣವೆಂದರೆ ಕಪ್ಪಾಗಿ ಬೂಸು ಹಿಡಿಯುತ್ತಿತ್ತು. “ಎಲಿ ನೆಂದ ಮ್ಯಾಲೆ ಬಾಗಲಾ ತಗಿಯೂ ಹಂಗಿಲ್ಲ” ಎಂದು ಮಾವ ಮೊದಲ ದಿನವೇ ಹೇಳಿದ. ಅದೇ ಮಾತನ್ನು ಹೆಂಗಸರೂ ಹೇಳಿದರು. ಮಾವ ಹೇಳಿದ್ದು ಆಜ್ಞೆಯ ಹಾಗಿತ್ತು, ಅವರು ಹೇಳಿದ್ದು ಗಾದೆಯ ಹಾಗೆ.

ಮೊದಲ ದಿನ ನಾನು ಅರ್ಧ ದಿವಸವೂ ತಾಳಲಿಲ್ಲ. ನೆನೆದ ಎಲೆಯ ಘಾಟು ಗಂಟಲಿಗಿಳಿದು, ಬಾಯಿಯ ತುಂಬ ನೀರು ಬಂದು, ನೆಲ ಓಲಾಡಿತು. ಹೊರಗೆ ಓಡೋಣವೆಂದರೆ ಬಾಗಿಲು ತೆಗೆಯದಂತೆ ನೋಡಿಕೊಳ್ಳುವವನೇ ನಾನು. ಮೂಲೆಯ ಬುಟ್ಟಿಯಲ್ಲಿ ವಾಂತಿ ಮಾಡಿಕೊಂಡೆ. ಸಾಲಿನಿಂದ ಸಾಲಿಗೆ ನಗೆ ಹರಿಯಿತು. ಕಾಶವ್ವ ಎಂಬ ಹಿರಿಯಳು ಸೆರಗಿನ ಗಂಟು ಬಿಚ್ಚಿ ಒಂದು ಬೆಲ್ಲದ ಚೂರು ತೆಗೆದು ನನ್ನ ಕಡೆ ಚಾಚಿದಳು.

“ತಿನ್ರಿ ಮಾಸ್ತರ, ಘಾಟಿಗೆ ಬೆಲ್ಲಾನ ಔಷಧ.”

“ನಾನಿನ್ನೂ ಮಾಸ್ತರ ಆಗಿಲ್ಲ.”

“ಆಗಾವರ ಅಲ್ಲೇನ್ರಿ? ಕೂಸ ಹುಟ್ಟೂ ಮೊದಲ ಕುಂಚಿಗಿ ಹೊಲಿಯಾಕತ್ತೇನಿ, ತಗೋರಿ.”

ನಾನು ತೆಗೆದುಕೊಳ್ಳಲು ಒಂದು ಕ್ಷಣ ತಡೆದಿರಬೇಕು. ಕಾಶವ್ವನ ಓಣಿ ಬೇರೆ, ಅವಳಿಗೆ ಆ ವಖಾರಿಯಲ್ಲಿ ಕುಡಿಯುವ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನಮ್ಮ ಕೈಯಾಗ ತೊಯ್ದ ಎಲಿ ಇಡೀ ಊರ ಬಾಯಾಗ ಹೊಕ್ಕೈತ್ರಿ,” ಎಂದಳು. “ಬೆಲ್ಲಾ ಏನ ಪಾಪಾ ಮಾಡೇತಿ?” ಮತ್ತೆ ನಗೆ. ನಾನು ತಿಂದೆ. ಘಾಟು ಕಡಿಮೆಯಾದದ್ದು ಬೆಲ್ಲದಿಂದಲೋ ನಾಚಿಕೆಯಿಂದಲೋ ಎಂಬುದು ಇತ್ಯರ್ಥವಾಗಿಲ್ಲ.

ಮಾಡು ತಗಡಿನದೆಂದು ನನ್ನ ನೆನಪು. ಆದರೆ ತಗಡಿನ ಮಾಡಿನಲ್ಲಿ ಗಾಜಿನ ಹಂಚು ಇರಲಾರದು, ಮತ್ತು ಗಾಜಿನ ಹಂಚು ಇದ್ದದ್ದು ಮಾತ್ರ ಖಂಡಿತ. ಇಡೀ ವಖಾರಿಗೆ ಬಿಸಿಲು ಬೀಳುತ್ತಿದ್ದುದು ಅದೊಂದರಿಂದ. ಬೆಳಿಗ್ಗೆ ಬಾಗಿಲ ಹತ್ತಿರ ಬೀಳುವ ಆ ಬೆಳಕಿನ ಚೌಕ ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು. ಓದಬೇಕಾದವನು ಸ್ಟೂಲನ್ನು ಎಳೆದುಕೊಂಡು ಅದರ ಹಿಂದೆಯೇ ಹೋಗಬೇಕು. ಒಂದು ದಪ್ಪ ತರ್ಕಶಾಸ್ತ್ರದ ಪುಸ್ತಕ ಹಿಡಿದು ನಾನು ಹಾಗೆ ಹೋಗುತ್ತಿದ್ದೆ. ಒಂದೇ ಪುಟವನ್ನು ಎಷ್ಟೋ ಸಲ ಓದುತ್ತಿದ್ದೆ. ಹೊರಗೆ ಬಸ್ಸಿನ ಹಾರ್ನು ಕೇಳಿದರೆ ಅದು ಕಿತ್ತೂರಿನ ಕಡೆಗೆ ಹೋಗುವುದೋ, ಅಲ್ಲಿಂದ ಹೆದ್ದಾರಿ ಹಿಡಿದು ಎಲ್ಲೆಲ್ಲಿಗೆ ಹೋಗಬಹುದೋ ಎಂದು ಲೆಕ್ಕ ಹಾಕುತ್ತಿದ್ದೆ. ಎಲೆ ಒಣಗುವ ಮೊದಲು ಕೆಲಸ ಮುಗಿಯಬೇಕು, ಕೆಲಸ ಮುಗಿಯುವ ತನಕ ಬಾಗಿಲು ತೆಗೆಯಬಾರದು. ಅಲ್ಲಿ ಕುಳಿತವರನ್ನೆಲ್ಲ ಹಿಡಿದಿಟ್ಟದ್ದು ಎಲೆಯ ಹಸಿ, ಅಷ್ಟೇ. ನನ್ನನ್ನು ಹಿಡಿದಿಟ್ಟದ್ದು ಏನೆಂದು ನನಗೇ ತಿಳಿಯುತ್ತಿರಲಿಲ್ಲ. ಎದ್ದು ಹೋದರೆ ಕೇಳುವವರಿರಲಿಲ್ಲ, ಹೋಗಬೇಕಾದ ಜಾಗವೂ ಇರಲಿಲ್ಲ.

ಚಳಿ ಇರುವ ತನಕ ಮಧ್ಯಾಹ್ನ ಒಮ್ಮೆ ಬಾಗಿಲು ತೆಗೆಯುತ್ತಿದ್ದೆವು. ಹೆಂಗಸರು ಅಂಗಳದ ಬೇವಿನ ಮರದ ಕೆಳಗೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಬಿಸಿಗಾಳಿ ಎದ್ದಿತು, ಅದೂ ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ. ಅಲ್ಲಿಂದ ಮುಂದೆ ಹೊರಗಿನ ಊಟ ನಿಂತಿತು. ಬೆಳಕು ಹರಿಯುವಾಗ ಬಂದು, ಹುಣಸೆ ನೀರಿನಲ್ಲಿ ಕೈಯ ಅಂಟು ತೊಳೆದು ಒಳಗೇ ಉಂಡು, ಇಳಿಹೊತ್ತಿಗೆ ತೂಕ ಮುಗಿಸಿ ಹೋಗುವುದೆಂದು ಹೆಂಗಸರೇ ಒಪ್ಪಿಕೊಂಡರು. ಅಂದರೆ ನಡುವೆ ಬಾಗಿಲಿಲ್ಲ.

ಯಲ್ಲವ್ವ ಎಂಬವಳು ದಂಟು ಬಿಡಿಸುವ ಕೆಲಸಕ್ಕೆ ಮರಳಿದ್ದು ಆಗಲೇ. ಸಿರಸಂಗಿಯ ತವರಿನಲ್ಲಿ ಚೊಚ್ಚಲ ಬಾಣಂತನ ಮುಗಿಸಿಕೊಂಡು ಬಂದಿದ್ದಳು. ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಬೆನ್ನು ಹಿಡಿದು ಮಲಗಿದ್ದ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಒಳಗೆ ತರುವ ಹಾಗಿರಲಿಲ್ಲ. ಹಿಂದೊಮ್ಮೆ ಯಾರದೋ ಕೂಸು ಘಾಟಿಗೆ ಕಣ್ಣು ಮೇಲೆ ಮಾಡಿತ್ತಂತೆ. ಆವತ್ತಿನಿಂದ ವಖಾರಿಯೊಳಗೆ ಕೂಸು ಬರಕೂಡದೆಂದು ಮಾವನ ಕಟ್ಟಪ್ಪಣೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯಲ್ಲವ್ವನ ಕೂಸು ಆಡಿನ ಹಾಲು ಕುಡಿಯುತ್ತಿರಲಿಲ್ಲ. ಕುಡಿಸಿದ್ದನ್ನೆಲ್ಲ ಕಾರಿಕೊಳ್ಳುತ್ತಿತ್ತು. ಬೆಳಿಗ್ಗೆಯಿಂದ ಇಳಿಹೊತ್ತಿನ ತನಕ ಬರಿ ಹೊಟ್ಟೆ. ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಮಧ್ಯಾಹ್ನವಾದರೆ ಯಲ್ಲವ್ವನ ಕುಪ್ಪಸದ ಎದೆ ತೊಯ್ದು ಸೀರೆಯ ಮೇಲೂ ಕಲೆ ಇಳಿಯುತ್ತಿತ್ತು. ಅವಳು ಸೆರಗು ಎಳೆದುಕೊಂಡು ಇನ್ನೂ ಜೋರಾಗಿ ದಂಟು ಕೀಳುತ್ತಿದ್ದಳು.

ಒಂದು ದಿನ ಮಾವ ಬಂದಾಗ ಎದ್ದು ನಿಂತು ಕೇಳಿದಳು. “ಸಾವಕಾರ್ರ, ಮಧ್ಯಾನ್ನದಾಗ ಒಂದೀಟ ಬಾಗಲಾ ತಗಸರಿ. ನಮ್ಮತ್ತಿ ಅಂಗಳಕ್ಕ ಕೂಸ ತರತಾಳ. ಮಲಿ ಕುಡಿಸಿ ಬರತೇನ್ರಿ.”

ಮಾವ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುವ ಮನುಷ್ಯನೇ ಅಲ್ಲ. “ನನ್ನ ಯಾಕ ಕೇಳತೀಯವಾ? ಬಾಗಲಾ ನಂದಿರಬಹುದು, ಎಲಿ ಅಂದ್ರ ಇವರ ಕೂಲಿ. ಇವರನ್ನ ಕೇಳು. ಎಲ್ಲಾರೂ ಹೂಂ ಅಂದ್ರ ನಂದೇನೂ ತಕರಾರಿಲ್ಲ.”

ಎಷ್ಟು ನ್ಯಾಯದ ಮಾತು ಎಂದು ನಾನು ಮೆಚ್ಚಿದೆ. ಆಗಷ್ಟೇ ಓದಿ ಬಂದಿದ್ದ ವಾದಗಳಿಗೆಲ್ಲ ಇದು ಸರಿಯಾಗಿ ಹೊಂದುತ್ತಿತ್ತು. ಅದು ಎಂಥ ಬಲೆ ಎಂದು ಹೊಳೆದದ್ದು, ಮಾವ ಹೋದ ಮೇಲೂ ಎಲ್ಲರೂ ದಂಟು ಕೀಳುತ್ತಲೇ ಇದ್ದಾಗ. ಹರಿಯುವ ಸದ್ದು ಮಾತ್ರ. ಕೊನೆಗೆ ಬಾಗಿಲ ಬಳಿ ಕೂರುವ ಒಬ್ಬಳು ತಲೆ ಎತ್ತದೆ, ಕೈಯಲ್ಲಿನ ಎಲೆಗೆ ಹೇಳಿದಂತೆ ಹೇಳಿದಳು.

“ಒಂದಿನಾ ಅಂದ್ರ ಒಂದಿನಾ. ದಿನಾ ತಗದ್ರ ನಮ್ಮ ಎಲಿ ಎಲ್ಲಾ ಚೂರಿಗೆ ಹೊಕ್ಕಾವ. ನಮ್ಮನ್ಯಾಗೂ ಮಕ್ಕಳದಾವ ಯಲ್ಲವಾ.”

ಯಲ್ಲವ್ವ “ಹೌದಕ್ಕಾ” ಎಂದು ಕುಳಿತಳು. ಮತ್ತೆ ಕೇಳಲಿಲ್ಲ.

ಆಮೇಲಿನದು ನನಗೆ ಅತ್ಯಂತ ಚೆನ್ನಾಗಿ ನೆನಪಿರುವ ದಿನ. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಮಧ್ಯಾಹ್ನ, ಗಾಳಿ ಬಾಗಿಲನ್ನು ಹೊರಗಿನಿಂದ ನೂಕುತ್ತಿತ್ತು. ಆ ಸದ್ದಿನ ನಡುವೆ ಕೂಸಿನ ಅಳು ಕೇಳಿಸಿತು. ಅತ್ತೆ ಇನ್ನು ತಡೆಯಲಾರದೆ ಎತ್ತಿಕೊಂಡು ಬಂದಿದ್ದಳು. ಬಾಗಿಲಿನಾಚೆಯಿಂದ ಆಕೆ ಕೂಗಿದಳು: “ಯಲ್ಲೀ, ಇದು ಕಣ್ಣ ತಗೀವಲ್ದು ನೋಡ!” ಯಲ್ಲವ್ವನ ಕೈ ನಿಂತಿತು. ಒಬ್ಬೊಬ್ಬರದಾಗಿ ಎಲ್ಲರ ಕೈಯೂ ನಿಂತು, ಆ ಬೇಸಿಗೆಯಲ್ಲಿ ಮೊದಲ ಸಲ ವಖಾರಿಯೊಳಗೆ ಸದ್ದಿಲ್ಲವಾಯಿತು. ಕಾಶವ್ವ ದೂರದ ಗೋಡೆಯ ಕಡೆಯಿಂದ ಎದ್ದಳು.

“ಎಲ್ಲಾರೂ ತಿರಗಿ ಕುಂದರ್ರೆವಾ. ಬಾಗಲಕ್ಕ ಬೆನ್ನ ಕೊಡ್ರಿ. ಸೆರಗ ಬಿಚ್ಚಿ ಎಲಿ ಮ್ಯಾಲ ಹೊಚ್ಚರಿ. ಏ ನೀನೂ! ನಿನಗ ಬ್ಯಾರೆ ಹೇಳಬೇಕೇನ? ಹಾಂ, ಮಾಸ್ತರ, ತಗೀರಿನ್ನ.”

ನಾನು ಅಗಳಿ ತೆಗೆದೆ. ಬಿಸಿಲು ಒಳಗೆ ಬಿತ್ತು. ಸಾಲು ಸಾಲು ಬೆನ್ನುಗಳು, ಎಲೆಯ ಮೇಲೆ ಹರಡಿದ ಸೆರಗುಗಳು, ಗಾಳಿಗೆ ಉಬ್ಬಿದ ಸೆರಗನ್ನು ಒತ್ತಿ ಹಿಡಿದ ಕಂದುಗಟ್ಟಿದ ಕೈಗಳು. ಯಲ್ಲವ್ವ ಹೊಸ್ತಿಲು ದಾಟಿ ಬೇವಿನ ಬುಡಕ್ಕೆ ಓಡಿ ಕೂಸನ್ನು ಎದೆಗೆ ಹಾಕಿಕೊಂಡಳು. ಅಳು ನಿಂತಿತು.

ನನ್ನ ನೆನಪು ಅಲ್ಲಿಗೆ ಮುಗಿಯುತ್ತದೆ. ಆ ಸಂಜೆ ಏನಾಯಿತು, ಮರುದಿನ ಏನಾಯಿತು, ಒಂದೂ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗ ನಾಲ್ಕಾರು ಸಲ ಈ ಪ್ರಸಂಗವನ್ನು ಹೇಳಿದ್ದೇನೆ. ಹೇಳಿದಾಗಲೆಲ್ಲ ಹುಡುಗರು ಸುಮ್ಮನಾಗುತ್ತಿದ್ದರು. ಯಾವುದನ್ನು ಕೇಳಿ ಹುಡುಗರು ಸುಮ್ಮನಾಗುತ್ತಾರೋ ಅದನ್ನು ನಾವು ಎಲ್ಲೋ ಒಂದಿಷ್ಟು ತಿದ್ದಿರುತ್ತೇವೆ. ಆ ಬೆನ್ನುಗಳ ಚಿತ್ರ ಅಷ್ಟೊಂದು ಅಂದವಾಗಿ ಇರಲು ಹೇಗೆ ಸಾಧ್ಯ?

ಆಮೇಲಿನ ವಾರಗಳದ್ದು ಬಿಡಿಬಿಡಿ ನೆನಪು. ಯಲ್ಲವ್ವನ ಜಾಗ ಬದಲಾಗಿತ್ತು. ಹಿಂದಿನ ಮೂಲೆಯಲ್ಲಿ, ದಂಟಿನ ರಾಶಿಯ ಮಗ್ಗುಲಿಗೆ ಕೂರುತ್ತಿದ್ದಳು. ದಂಟನ್ನು ಗೋಡೆಯ ಕೆಳಭಾಗದ, ಉಳಿದ ಹೊತ್ತು ಗೋಣಿತಟ್ಟು ತುರುಕಿರುತ್ತಿದ್ದ ಕಿಂಡಿಯಿಂದ ಹಿತ್ತಲಿಗೆ ನೂಕುವ ಕೆಲಸವನ್ನೂ ತಾನೇ ಮಾಡುತ್ತಿದ್ದಳು. ಉಳಿದವರು ತಮ್ಮ ದಂಟನ್ನೆಲ್ಲ ಅವಳ ಕಡೆಗೆ ಸರಿಸುತ್ತಿದ್ದರು. “ಭಾಳ ಚುರುಕ ಅದಾಳ ನೋಡೋ ಈಕಿ, ತನ್ನ ಕೆಲಸಾ ಮಾಡಿ ಮ್ಯಾಲ ದಂಟೂ ಹಾಕತಾಳ” ಎಂದು ಮಾವ ಮೆಚ್ಚಿದ್ದ. ಉಳಿದ ಹೆಂಗಸರ ಮೈಗಳ್ಳತನ ಎಂದು ನನಗೆ ಬೇಸರವಾಗಿತ್ತು. ಕಾಶವ್ವ ಮಧ್ಯಾಹ್ನವಾದರೆ ಹಾಡಲು ಶುರುಮಾಡಿದ್ದಳು. ಬೀಸುವ ಪದಗಳು. ದನಿ ಮಾತ್ರ ಭಯಂಕರ. ತರ್ಕದ ಪುಸ್ತಕ ಮುಚ್ಚಿ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದೆ. ಕೂಸಿನ ಅಳು ಮತ್ತೆ ಕೇಳಲಿಲ್ಲ. ಆಡಿನ ಹಾಲು ಒಗ್ಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ದೂರದ ಜಿಲ್ಲೆಯ ಒಂದು ಕಾಲೇಜಿನಿಂದ ನನಗೆ ಕರೆ ಬಂತು. ಮಾವನ ಕಾಲಿಗೆ ಬಿದ್ದು, ಸಿಕ್ಕ ಬಸ್ಸು ಹತ್ತಿ ಹೋದೆ. ಮೈಯ ಘಾಟು ಎಷ್ಟೋ ಸ್ನಾನದ ತನಕ ಹೋಗಲಿಲ್ಲ.

ಮದುವೆಯ ದಿನ ಶಾಂತಕ್ಕನನ್ನು ಕೇಳಿದೆ, “ಯಲ್ಲವ್ವ ಅಂತ ಒಬ್ಬಾಕಿ ಇದ್ಲಲ್ಲ?”

“ಇದ್ಲೇನ, ಅದಾಳ. ಇಲ್ಲೇ ಹಿಂದಿನ ಓಣ್ಯಾಗ. ಊಟಕ್ಕ ಹೇಳಿ ಕಳಿಸೀನಿ, ಮಣಕಾಲ ನೋವಂತ ಬಂದಿಲ್ಲ.”

ಮಳೆ ಇಳಿದ ಮೇಲೆ ಹೋದೆ. ಒಂದು ಕಟ್ಟೆ, ಅದರ ಮೇಲೆ ಕಾಲು ಚಾಚಿ ಕುಳಿತ ಮುದುಕಿ. ನನ್ನ ಹೆಸರು ಹೇಳಿದೆ. ಅವಳಿಗೆ ಏನೂ ಹೊಳೆಯಲಿಲ್ಲ. ರುದ್ರಪ್ಪ ಸಾವಕಾರರ ಅಳಿಯ ಎಂದೆ. ಆಗ ಕಣ್ಣು ಕಿರಿದು ಮಾಡಿ ನೋಡಿ, ನಗತೊಡಗಿದಳು.

“ಅಯ್ಯ, ಬಾಗಲಾ ಕಾಯೂ ಮಾಸ್ತರ! ಬರ್ರಿ, ಕುಂದರ್ರಿ. ತೆಲಿ ಎಲ್ಲಾ ಬೆಳ್ಳಗಾಗೇತಲ್ರಿ. ಆಗ ಭಾಳ ಕರ್ರಗ ಇತ್ತು. ಎಣ್ಣಿ ಹಚ್ಚತಿದ್ರಿ.”

ಚಹಾ ಬಂತು. ಕೂಸಿನ ಬಗ್ಗೆ ಕೇಳಿದೆ. ಕೇಳುವ ಮೊದಲು ಸ್ವಲ್ಪ ಹೆದರಿದೆ.

“ಅಂವಾ ಸವದತ್ತಿ ಡಿಪೋದಾಗ ಡ್ರೈವರ್ ಅದಾನ್ರಿ. ಅಡಿಕಿ ಹೋಳ ಸುದ್ದಾ ಬಾಯಾಗ ಹಾಕಂಗಿಲ್ಲ. ಆದ್ರ ನಿಪ್ಪಾಣಿ ಕಡೆ ಡ್ಯೂಟಿ ಬಂದ್ರ ಒಲ್ಲೆ ಅಂತಾನ. ತಂಬಾಕಿನ ಘಾಟ ಬಡದ್ರ ಅವಂಗ ನಿದ್ದಿ ಬರತೈತಂತ!” ಎಂದು ತೊಡೆ ತಟ್ಟಿಕೊಂಡು ನಕ್ಕಳು.

ನಾನು ಬೆನ್ನುಗಳ ಚಿತ್ರವನ್ನು ಅವಳ ಮುಂದೆ ಇಟ್ಟೆ. ಕಾಶವ್ವ ಎದ್ದದ್ದು, ಎಲ್ಲರೂ ತಿರುಗಿ ಕುಳಿತದ್ದು, ನಾನು ಅಗಳಿ ತೆಗೆದದ್ದು. ಹಾಗೆ ಏನೂ ಆಗಲೇ ಇಲ್ಲ ಎನ್ನುತ್ತಾಳೆಂದು ತಯಾರಾಗಿದ್ದೆ.

“ಹೌದ್ರಿ, ತಗದಿದ್ರಿ. ಒಂದಿನಾ,” ಎಂದಳು. “ಸೆರಗ ಹೊಚ್ಚಿದ್ರ ಬ್ಯಾಸಗಿ ಗಾಳಿ ನಿಂದರತೈತೇನ್ರಿ? ಎಲಿ ಎಲ್ಲಾ ಪುಡಿಪುಡಿ ಆತು. ಸಂಜಿಕ ಚೂರಿನ ರಾಶಿ ನನ್ನ ಎದಿಮಟಾ ಆಗಿತ್ತು. ಅಟ್ಟೂ ಮಂದಿ ಅವತ್ತ ಬರಿಗೈಲೆ ಮನಿಗ್ಹ್ವಾದ್ರು. ನನಗ ಯಾರೂ ಒಂದ ಮಾತ ಅನಲಿಲ್ಲ. ಅಂದಿದ್ರ ಬೇಶಿತ್ತು.”

ಇದು ನನ್ನ ನೆನಪಿನಲ್ಲಿ ಇರಲೇ ಇಲ್ಲ.

“ಮರದಿನಾ ನಾ ಕೆಲಸಾ ಬಿಡತೇನಂತ ಹೇಳಾಕ ಬಂದ್ನಿ. ಬಿಟ್ಟಿದ್ರ ಮನ್ಯಾಗ ಒಲಿ ಹತ್ತತಿರಲಿಲ್ಲ, ಬಿಡದಿದ್ರ ಕೂಸ ಉಳೀತಿರಲಿಲ್ಲ. ಕಾಶವ್ವ ನನ್ನ ರಟ್ಟಿ ಹಿಡದ ದಂಟಿನ ಮೂಲ್ಯಾಗ ಒಯ್ದ ಕುಂದರಿಸಿದ್ಲು. ‘ಇಲ್ಲಿ ಕಿಂಡಿ ಐತಿ, ಕಣ್ಣಿಲ್ಲೇನ ನಿನಗ?’ ಅಂದ್ಲು.”

“ಕಿಂಡಿ ಅಂದ್ರ?”

“ದಂಟ ಹಾಕೂ ಕಿಂಡಿ. ಗ್ವಾಡಿ ನೋಡೀರಿಲ್ಲೋ, ಮಳಾ ದಪ್ಪ ಐತಿ. ನಮ್ಮತ್ತಿ ಹಿತ್ತಲ ಕಡಿಂದ ಕೌದಿ ಹಾಸಿ ಕೂಸಿನ್ನ ಆ ಕಿಂಡಿಯೊಳಗ ಮಲಗಸತಿದ್ಲು. ನಾ ಒಳಗಿಂದ ಅದಕ್ಕ ಎದಿ ಹಚ್ಚಿ ಕುಂದರತಿದ್ನಿ. ಸಾವಕಾರ್ರು ಕೂಸ ಒಳಗ ತರಬ್ಯಾಡ ಅಂದಿದ್ರು, ತರಲಿಲ್ಲ. ನಾ ಹೊರಗ ಹೋಗೂ ಹಂಗಿರಲಿಲ್ಲ, ಹೋಗಲಿಲ್ಲ. ಗ್ವಾಡಿಯೊಳಗ ಬೆಳೀತ್ರಿ ನನ್ನ ಮಗಾ.”

“ಗಾಳಿ?” ಎಂದೆ. ಅಷ್ಟು ಹೇಳಿಸಿಕೊಂಡ ಮೇಲೂ ನನಗೆ ತೋಚಿದ್ದು ಅದೇ.

“ನಾ ಅಡ್ಡ ಕುಂತಿರತಿದ್ನೆಲ್ರಿ. ನನ್ನ ದಾಟಿ ಗಾಳಿ ಎಲ್ಲಿಂದ ಬರಬೇಕು?”

ಉಳಿದವರು ದಂಟನ್ನೆಲ್ಲ ಅವಳ ಕಡೆ ಸರಿಸುತ್ತಿದ್ದುದು ಅವಳ ಈಚೆಗೆ ರಾಶಿ ಎತ್ತರವಾಗಿ ನಿಂತು ಮರೆಯಾಗಲಿ ಎಂದು. ಕಾಶವ್ವ ಹಾಡುತ್ತಿದ್ದುದು ಕೂಸು ಕುಂಯ್ ಎಂದರೆ ಕೇಳದಿರಲಿ ಎಂದು. “ಪಾಪ, ಆಕಿಗೆ ಹಾಡಾಕ ಬರತಿರಲಿಲ್ಲ. ಕತ್ತಿ ಒದರಿದಂಗ ಒದರತಿದ್ಲು. ಕೂಸ ಅಂಜಿ ಮಲಿ ಬಿಡತಿತ್ತು ಒಮ್ಮೊಮ್ಮೆ.”

“ನಾನೂ ಅಲ್ಲೇ ಇದ್ನೆಲ್ಲಾ ಯಲ್ಲವ್ವಾ. ನನಗ ಕಾಣಲಿಲ್ಲ.”

“ಇದ್ರಿ. ಬಿಸಲಿನ ಬೆನ್ನ ಹತ್ತಿ ಸ್ಟೂಲ ತಗೊಂಡ ಅಡ್ಡಾಡತಿದ್ರಿ. ಮಧ್ಯಾನ್ನ ಆತಂದ್ರ ಬಿಸಲ ನಡುವಿನ ಕಂಬದ ಆ ಕಡಿ ಬೀಳತಿತ್ತು. ನಿಮ್ಮ ಮಾರಿ ಅತ್ತಾಗ, ಬೆನ್ನ ನಮ್ಮ ಕಡಿ. ಅದ ನಮ್ಮ ಗಡಿಯಾರ ಆಗಿತ್ರಿ. ‘ಮಾಸ್ತರ ತಿರಗಿದ್ರು, ಕೂಸ ತಗೋ’ ಅಂತಿದ್ಲು ಕಾಶವ್ವ.”

ಚಹಾ ಆರಿಹೋಗಿತ್ತು. ಇಷ್ಟು ವರ್ಷ ಅವರ ಬೆನ್ನುಗಳನ್ನು ನಾನು ನೆನಪಿಟ್ಟುಕೊಂಡಿದ್ದೆ. ಅವರು ನನ್ನ ಬೆನ್ನನ್ನು ನೆನಪಿಟ್ಟುಕೊಂಡಿದ್ದರು. ಎರಡರಲ್ಲಿ ಕೆಲಸಕ್ಕೆ ಬಂದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಹೊರಡುವಾಗ, ಮುದುಕಿಯ ನೆನಪನ್ನೂ ಅನುಮಾನಿಸಬೇಕಲ್ಲವೆ ಎಂದುಕೊಂಡೆ. ನನ್ನದಕ್ಕೊಂದು ನ್ಯಾಯ, ಅವಳದಕ್ಕೊಂದು ನ್ಯಾಯ ಆಗಕೂಡದು. ನೇರವಾಗಿ ಕಾರ್ಯಾಲಯಕ್ಕೆ ಬಂದು, ಹಾಲಿನ ಆ ತುದಿಗೆ ಹೋಗಿ, ಪಂಚೆ ಎತ್ತಿಕೊಂಡು ಕಿಂಡಿಯ ಮುಂದೆ ಕುಳಿತೆ. ಗೋಡೆ ನಿಜವಾಗಿಯೂ ಒಂದು ಮೊಳ ದಪ್ಪವಿತ್ತು. ಕೈ ಚಾಚಿ ಅಳೆದೆ: ಎಳೆಯ ಕೂಸು ಕಾಲು ಮಡಚಿ ಮಲಗುವಷ್ಟು. ನೆಲದ ಮೇಲೆ ಕುಳಿತವಳ ಎದೆಗೆ ಸರಿಯಾದ ಎತ್ತರ. ಕೆಳಗಿನ ಕಲ್ಲು ನುಣುಪಾಗಿತ್ತು. ದಂಟು ಉಜ್ಜಿ ಆಗಿರಬಹುದು, ಈಗಿನ ಎಂಜಲೆಲೆಗಳಿಂದಲೂ ಆಗಿರಬಹುದು. ಕಲ್ಲು ಸಾಕ್ಷಿ ಹೇಳುವುದಿಲ್ಲ.

ಹಿತ್ತಲಿನಿಂದ ಮಳೆಯ ಗಾಳಿ ಅದರೊಳಗಿಂದ ಒಂದೇ ಸಮ ನುಗ್ಗುತ್ತಿತ್ತು. ತಿರುಗಿ, ಕಿಂಡಿಗೆ ಬೆನ್ನು ಕೊಟ್ಟು ಕುಳಿತೆ. ಗಾಳಿ ನಿಂತಿತು. ತಂಬಾಕಿನ ವಾಸನೆ ಮತ್ತೆ ಗೋಡೆಯಿಂದ ಮೇಲೆದ್ದಿತು.

ಎಷ್ಟು ಹೊತ್ತು ಕುಳಿತಿದ್ದೆನೋ. ಎರಡನೆಯ ಪಂಕ್ತಿ ಏಳುತ್ತಿತ್ತು. ಎಲೆಗಳ ಸುರುಳಿಯನ್ನು ತೋಳ ತುಂಬ ಹೊತ್ತ ಒಬ್ಬ ಬಡಿಸುವವನು ಬಂದು ನನ್ನ ಮುಂದೆ ನಿಂತ.

“ಅಜ್ಜಾರ, ಈಟ ಸರೀರಿ,” ಎಂದ. “ಎಲಿ ಹೊರಗ ಹಾಕೂದೈತಿ.”